ಬಾಯಿಯ ಬಿಳಿ ಮಚ್ಚೆಗೆ ಬೆರಿ ಹಣ್ಣಿನ ಜೆಲ್: ಪರೀಕ್ಷೆಗಳು ಎಲ್ಲಿಯವರೆಗೆ ಬಂದಿವೆ?

ಪ್ರಶ್ನೆ: ನನ್ನ ತಂದೆಯವರ ನಾಲಿಗೆಯ ಅಂಚಿನಲ್ಲಿ ಬಿಳಿ ಮಚ್ಚೆಯೊಂದು ಕಾಣಿಸಿಕೊಂಡಿತ್ತು. ಬಯಾಪ್ಸಿ ವರದಿಯಲ್ಲಿ ‘ಲ್ಯುಕೋಪ್ಲಾಕಿಯಾ, ಮಧ್ಯಮ ಮಟ್ಟದ ಡಿಸ್‌ಪ್ಲೇಸಿಯಾ’ ಎಂದಿದೆ. ಮಚ್ಚೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಬಿಡುವುದು ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ. ಈ ನಡುವೆ, ಕಪ್ಪು ರಾಸ್ಪ್‌ಬೆರಿಯಿಂದ ತಯಾರಿಸಿದ ಜೆಲ್ ಹಚ್ಚಿದಾಗ ಇಂತಹ ಮಚ್ಚೆಗಳು ಕುಗ್ಗಿದವೆಂದು ಓದಿದೆ. ಇದು ನಿಜವೇ? ಹಾಗಿದ್ದರೆ ಬೆರಿ ಪುಡಿಯನ್ನೋ ರಸವನ್ನೋ ಕೊಟ್ಟು ಕೆಲವು ತಿಂಗಳು ಕಾದು ನೋಡಬಹುದೇ? ಒಂದು ಹಣ್ಣನ್ನು ಔಷಧದಂತೆ ಪರೀಕ್ಷಿಸುವುದಾದರೂ ಹೇಗೆ? ಇಷ್ಟು ವರ್ಷಗಳಾದರೂ ಅದು ಚಿಕಿತ್ಸೆಯಾಗಿ ಏಕೆ ಬಂದಿಲ್ಲ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ತಡಮಾಡದೆ ಉತ್ತರಿಸಬೇಕಾಗಿದೆ. ದಯವಿಟ್ಟು ಕಾದು ನೋಡಬೇಡಿ. ನಾಲಿಗೆಯ ಅಂಚು ಮತ್ತು ನಾಲಿಗೆಯ ಅಡಿಭಾಗ ಬಾಯಿಯಲ್ಲಿ ಹೆಚ್ಚು ಅಪಾಯದ ಜಾಗಗಳು. ಅಲ್ಲಿನ ಮಚ್ಚೆಯಲ್ಲಿ ಮಧ್ಯಮ ಮಟ್ಟದ ಡಿಸ್‌ಪ್ಲೇಸಿಯಾ ಇದೆಯೆಂದು ಬಯಾಪ್ಸಿ ಹೇಳಿದ ಮೇಲೆ ವೈದ್ಯರ ಸಲಹೆಯನ್ನು ಮುಂದೂಡಲು ತಕ್ಕ ಆಧಾರ ಯಾವ ಬೆರಿ ಹಣ್ಣಿನ ಅಧ್ಯಯನದಲ್ಲಿಯೂ ಇಲ್ಲ. ಹಾಗೆಂದು ನೀವು ಓದಿದ್ದು ಸುಳ್ಳಲ್ಲ. ಅದರ ಹಿಂದೆ ಗಂಭೀರವಾದ ಸಂಶೋಧನೆಯಿದೆ, ಅದು ಇನ್ನೂ ಮುಂದುವರಿಯಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ‘ಮಚ್ಚೆ ಕುಗ್ಗಿತು’ ಎಂಬುದಕ್ಕೂ ‘ಕ್ಯಾನ್ಸರ್ ತಪ್ಪಿತು’ ಎಂಬುದಕ್ಕೂ ನಡುವೆ ಬಹಳ ಅಂತರವಿದೆ. ಆ ಅಂತರ ಎಂಥದ್ದೆಂದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಮೊದಲು ವರದಿಯಲ್ಲಿರುವ ಪದದ ಹಿಂದೆ ಏನಿದೆಯೆಂದು ನೋಡೋಣ. ಆರೋಗ್ಯವಂತ ನಾಲಿಗೆಯ ಲೋಳೆಪೊರೆಯ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಎಲ್ಲಕ್ಕಿಂತ ಕೆಳಗೆ ಒಂದೇ ಸಾಲಿನಲ್ಲಿ ಚಿಕ್ಕ ಜೀವಕೋಶಗಳು ಒತ್ತಾಗಿ ನಿಂತಿರುತ್ತವೆ. ಮೇಲೆ ಹೋದಂತೆ ಅವು ಅಗಲವಾಗುತ್ತ, ಚಪ್ಪಟೆಯಾಗುತ್ತ ಕೊನೆಗೆ ಉದುರಿಹೋಗುತ್ತವೆ. ಡಿಸ್‌ಪ್ಲೇಸಿಯಾದಲ್ಲಿ ಈ ಕ್ರಮ ಕೆಡುತ್ತದೆ. ಕೆಳಸಾಲಿನಲ್ಲಿ ಮಾತ್ರ ಇರಬೇಕಾದ ಕೋಶಗಳು ಮೇಲಕ್ಕೂ ಏರಿರುತ್ತವೆ. ಅವುಗಳ ಕೇಂದ್ರಗಳು ದೊಡ್ಡದಾಗಿ, ಗಾಢ ಬಣ್ಣದಲ್ಲಿ, ಒಂದರಂತೆ ಒಂದಿಲ್ಲದೆ ಕಾಣುತ್ತವೆ. ಕೋಶ ವಿಭಜನೆ ನಡೆಯಬಾರದ ಎತ್ತರದಲ್ಲಿಯೂ ನಡೆಯುತ್ತಿರುತ್ತದೆ. ಈ ಅಸ್ತವ್ಯಸ್ತತೆ ಪೊರೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಸೀಮಿತವಾಗಿದ್ದರೆ ಸ್ಥೂಲವಾಗಿ ಸೌಮ್ಯವೆಂದೂ, ನಡುವಿನ ಭಾಗಕ್ಕೆ ಹಬ್ಬಿದ್ದರೆ ಮಧ್ಯಮವೆಂದೂ, ಅದನ್ನು ದಾಟಿದ್ದರೆ ತೀವ್ರವೆಂದೂ ಕರೆಯುತ್ತೇವೆ. ಇದು ಕ್ಯಾನ್ಸರ್ ಅಲ್ಲ, ಏಕೆಂದರೆ ಕೋಶಗಳು ಇನ್ನೂ ತಳದ ಪೊರೆಯನ್ನು ಭೇದಿಸಿ ಒಳಗಿನ ಅಂಗಾಂಶಕ್ಕೆ ಇಳಿದಿಲ್ಲ. ಹೀಗೆ ಇಳಿಯುವ ಮೊದಲೇ ತಡೆಯಬಹುದೆಂಬ ಆಸೆಯಿಂದಲೇ ತಡೆಗಟ್ಟುವ ಔಷಧಗಳ ಹುಡುಕಾಟ ಹುಟ್ಟಿಕೊಂಡಿತು. ಪ್ರಪಂಚದಲ್ಲಿ 2022ರಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ನ ಸುಮಾರು 3.9 ಲಕ್ಷ ಹೊಸ ಪ್ರಕರಣಗಳಿದ್ದವೆಂದು ಅಂದಾಜಿಸಲಾಗಿದೆ. ಅವುಗಳಲ್ಲಿ ಸಾಕಷ್ಟು ಪ್ರಕರಣಗಳು ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಮಚ್ಚೆಯ ಹಂತವನ್ನು ದಾಟಿಯೇ ಬಂದಿರುತ್ತವೆ.

ಬೆರಿ ಹಣ್ಣು ಇಲ್ಲಿಗೆ ಹೇಗೆ ಬಂತು ಎಂಬುದು ಸ್ವಾರಸ್ಯದ ವಿಷಯ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಸ್ಟೋನರ್ ಮತ್ತು ಅವರ ಸಹೋದ್ಯೋಗಿಗಳು ಎಲ್ಲಾಜಿಕ್ ಆಮ್ಲದಂತಹ ಸಸ್ಯಜನ್ಯ ರಾಸಾಯನಿಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಬೇರ್ಪಡಿಸಿ ಶುದ್ಧೀಕರಿಸಿದ ಒಂದೇ ಪದಾರ್ಥಕ್ಕಿಂತ, ಅಂತಹ ಹಲವು ಪದಾರ್ಥಗಳನ್ನು ಒಟ್ಟಿಗೆ ಹೊಂದಿರುವ ಇಡೀ ಹಣ್ಣನ್ನೇ ಪರೀಕ್ಷಿಸಬಾರದೇಕೆ ಎಂಬ ಆಲೋಚನೆ ಅಲ್ಲಿಂದ ಬೆಳೆಯಿತು. ಬೆರಿ ಹಣ್ಣಿನ ತೂಕದಲ್ಲಿ ಬಹುಪಾಲು ನೀರೇ ಆಗಿರುವುದರಿಂದ, ಹಣ್ಣನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ನೀರಿನಂಶವನ್ನು ತೆಗೆದು ಪುಡಿ ಮಾಡಿದರೆ ಉಪಯುಕ್ತ ಪದಾರ್ಥಗಳು ಹತ್ತಿರ ಹತ್ತಿರ ಹತ್ತು ಪಟ್ಟು ಸಾಂದ್ರವಾಗುತ್ತವೆ, ಬಿಸಿ ತಾಗದ ಕಾರಣ ಹೆಚ್ಚು ಕೆಡುವುದೂ ಇಲ್ಲ. ಆಯ್ಕೆಯಾದದ್ದು ಉತ್ತರ ಅಮೆರಿಕದ ಪೂರ್ವಭಾಗದ ಕಪ್ಪು ರಾಸ್ಪ್‌ಬೆರಿ, ಸಸ್ಯಶಾಸ್ತ್ರದಲ್ಲಿ ರೂಬಸ್ ಆಕ್ಸಿಡೆಂಟಾಲಿಸ್. ಇದನ್ನು ಬ್ಲ್ಯಾಕ್‌ಬೆರಿ ಎಂದು ತಪ್ಪು ತಿಳಿಯುವವರು ಬಹಳ. ಕಿತ್ತಾಗ ನಡುವಿನ ದಿಂಡು ಗಿಡದಲ್ಲೇ ಉಳಿದು ಹಣ್ಣು ಒಳಗೆ ಟೊಳ್ಳಾಗಿದ್ದರೆ ಅದು ರಾಸ್ಪ್‌ಬೆರಿ. ದಿಂಡು ಹಣ್ಣಿನೊಂದಿಗೇ ಬಂದರೆ ಬ್ಲ್ಯಾಕ್‌ಬೆರಿ. ಸಂಶೋಧನೆಯ ಫಲಿತಾಂಶ ಒಂದು ಹಣ್ಣಿನದ್ದು, ಅಂಗಡಿಯ ಡಬ್ಬಿಯಲ್ಲಿರುವುದು ಇನ್ನೊಂದರದ್ದು ಆಗಬಾರದಲ್ಲ, ಅದಕ್ಕೆ ಹೇಳಿದೆ.

ಮೊದಲ ಪ್ರಯೋಗಗಳು ಹ್ಯಾಮ್‌ಸ್ಟರ್‌ಗಳ ಕೆನ್ನೆಯ ಚೀಲದ ಮೇಲೆ ನಡೆದವು. ಆ ಚೀಲಕ್ಕೆ ಕ್ಯಾನ್ಸರ್‌ಕಾರಕ ರಾಸಾಯನಿಕವನ್ನು ವಾರಗಟ್ಟಲೆ ಹಚ್ಚಿದರೆ ಮನುಷ್ಯರ ಬಾಯಿ ಕ್ಯಾನ್ಸರನ್ನು ಹೋಲುವ ಗಡ್ಡೆಗಳು ಹಂತ ಹಂತವಾಗಿ ಬೆಳೆಯುತ್ತವೆ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಹಾರದ ಶೇ 5ರಷ್ಟು ಕಪ್ಪು ರಾಸ್ಪ್‌ಬೆರಿ ಪುಡಿಯನ್ನು ಬೆರೆಸಿ ಕೊಟ್ಟ ಪ್ರಾಣಿಗಳಲ್ಲಿ ಗಡ್ಡೆಗಳ ಸಂಖ್ಯೆ ಗಮನಾರ್ಹವಾಗಿ ಕಡಿಮೆಯಾಯಿತು. ಆದರೆ ಶೇ 10ರಷ್ಟು ಕೊಟ್ಟ ಗುಂಪಿನಲ್ಲಿ ಪರಿಣಾಮ ಅದಕ್ಕಿಂತ ಹೆಚ್ಚಾಗಲಿಲ್ಲ. ಬೆರಿಯಿಲ್ಲದ ಗುಂಪಿಗೂ ಶೇ 5ರ ಗುಂಪಿಗೂ ನಡುವೆ ಎಲ್ಲೋ ನಿಂತಿತು. ಮುಂದೆ ಕುಡಿಯುವ ನೀರಿನಲ್ಲಿ ಬೇರೊಂದು ಕ್ಯಾನ್ಸರ್‌ಕಾರಕವನ್ನು ಕೊಟ್ಟ ಇಲಿಗಳಲ್ಲಿಯೂ ಇದೇ ಬಗೆಯ ಚಿತ್ರ ಕಂಡಿತು: ಎರಡೂ ಪ್ರಮಾಣಗಳು ಗಡ್ಡೆಗಳನ್ನು ತಗ್ಗಿಸಿದವು, ಆದರೆ ಹೆಚ್ಚು ಕೊಟ್ಟಲ್ಲಿ ಹೆಚ್ಚು ಫಲ ಎಂಬ ಲೆಕ್ಕ ಸಿಗಲಿಲ್ಲ. ಆಹಾರವನ್ನು ಔಷಧವಾಗಿ ನೋಡುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ‘ಒಳ್ಳೆಯ ಪದಾರ್ಥ, ಎಷ್ಟು ತಿಂದರೂ ಒಳ್ಳೆಯದೇ’ ಎಂಬ ನಂಬಿಕೆಗೆ ಪ್ರಾಣಿಗಳ ಹಂತದಲ್ಲಿಯೇ ಆಧಾರ ಸಿಕ್ಕಿಲ್ಲ.

ಮನುಷ್ಯರತ್ತ ಬಂದಾಗ ಎದುರಾದ ದೊಡ್ಡ ತೊಡಕು ಹೀರಿಕೆಯದ್ದು. ಈ ಹಣ್ಣಿನ ಕಡು ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್‌ಗಳು ಹೊಟ್ಟೆಯೊಳಗೆ ಹೋದ ಮೇಲೆ ರಕ್ತಕ್ಕೆ ತಮ್ಮ ಮೂಲ ರೂಪದಲ್ಲಿ ಸೇರುವುದು ತೀರಾ ಅಲ್ಪ, ಸಾಮಾನ್ಯವಾಗಿ ತಿಂದದ್ದರ ಶೇ 1ಕ್ಕಿಂತಲೂ ಕಡಿಮೆ. ಉಳಿದದ್ದು ಕರುಳಿನಲ್ಲಿ ಬೇರೆ ರಾಸಾಯನಿಕಗಳಾಗಿ ಒಡೆಯುತ್ತದೆ. ಅವು ನಿಷ್ಪ್ರಯೋಜಕವೆಂದಲ್ಲ, ಆದರೆ ನಾಲಿಗೆಯ ಅಂಚಿನ ಮಚ್ಚೆಗೆ ರಕ್ತದ ಮೂಲಕ ತಲುಪುವ ಪ್ರಮಾಣ ಎಷ್ಟೆಂಬುದು ಅನಿಶ್ಚಿತ. ಬಾಯಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ, ಮತ್ತು ಈ ಸಂಶೋಧನೆಯಲ್ಲಿ ನನಗೆ ಭರವಸೆ ಹುಟ್ಟಿಸಿದ್ದೂ ಅದೇ. ಮಚ್ಚೆ ಕೈಗೆಟುಕುವ ಜಾಗದಲ್ಲಿರುವುದರಿಂದ ಔಷಧವನ್ನು ದೇಹವೆಲ್ಲ ಸುತ್ತಿಸುವ ಅಗತ್ಯವಿಲ್ಲ. ನೇರವಾಗಿ ಮಚ್ಚೆಯ ಮೇಲೇ ಹಚ್ಚಬಹುದು, ಎರಡು ವಾರಕ್ಕೊಮ್ಮೆ ಅಳೆಯಬಹುದು, ಫೋಟೊ ತೆಗೆದಿಡಬಹುದು, ಅಗತ್ಯವಿದ್ದರೆ ಚೂರು ತೆಗೆದು ನೋಡಬಹುದು. ಶ್ವಾಸಕೋಶದಲ್ಲಿಯಾಗಲಿ ಮೇದೋಜ್ಜೀರಕ ಗ್ರಂಥಿಯಲ್ಲಿಯಾಗಲಿ ಇದು ಸಾಧ್ಯವಿಲ್ಲ.

ಆದರೆ ಬಾಯಿ ಸುಮ್ಮನಿರುವ ಅಂಗವಲ್ಲ. ಜೊಲ್ಲು ನಿರಂತರವಾಗಿ ಸುರಿಯುತ್ತದೆ, ನಾಲಿಗೆ ಉಜ್ಜುತ್ತದೆ, ನುಂಗುವಿಕೆ ಎಲ್ಲವನ್ನೂ ಒಯ್ಯುತ್ತದೆ. ಒಂದು ಲೋಟ ಬೆರಿ ರಸ ನಾಲಿಗೆಯ ಅಂಚನ್ನು ಮುಟ್ಟುವುದು ಕೆಲವೇ ಸೆಕೆಂಡು. ಮೇಲಾಗಿ ಆಂಥೋಸಯನಿನ್‌ಗಳು ಆಮ್ಲೀಯ ದ್ರವದಲ್ಲಿ ಮತ್ತು ತಂಪಿನಲ್ಲಿ ಸ್ಥಿರವಾಗಿರುತ್ತವೆ. ಹೆಚ್ಚುಕಡಿಮೆ ತಟಸ್ಥವಾಗಿರುವ ಜೊಲ್ಲಿನಲ್ಲಿ, ದೇಹದ ಉಷ್ಣತೆಯಲ್ಲಿ ಒಡೆಯತೊಡಗುತ್ತವೆ. ಬಾಯಿಯ ಬ್ಯಾಕ್ಟೀರಿಯಾಗಳ ಕಿಣ್ವಗಳೂ ಅವುಗಳ ಸಕ್ಕರೆಯ ಭಾಗವನ್ನು ಕತ್ತರಿಸುತ್ತವೆ. ಒಬ್ಬೊಬ್ಬರ ಬಾಯಿಯ ಬ್ಯಾಕ್ಟೀರಿಯಾ ಒಂದೊಂದು ಬಗೆಯಾದ್ದರಿಂದ, ಒಂದೇ ಪ್ರಮಾಣದ ಬೆರಿ ಇಬ್ಬರ ಬಾಯಿಯಲ್ಲಿ ಒಂದೇ ಪದಾರ್ಥವಾಗಿ ಉಳಿಯುವುದಿಲ್ಲ. ಆದ್ದರಿಂದ ‘ಯಾವ ಹಣ್ಣು’ ಎಂಬಷ್ಟೇ ಮುಖ್ಯವಾದ ಪ್ರಶ್ನೆ ‘ಯಾವ ರೂಪದಲ್ಲಿ’ ಎಂಬುದು. ಓಹಾಯೊದ ಆಹಾರ ವಿಜ್ಞಾನಿಗಳು ಇದಕ್ಕಾಗಿಯೇ ಪೆಕ್ಟಿನ್ ಹಾಕಿದ ಮೆತ್ತನೆಯ ಮಿಠಾಯಿ, ಪಿಷ್ಟದ ಮಿಠಾಯಿ, ಗಟ್ಟಿ ಕ್ಯಾಂಡಿ ಹೀಗೆ ಬೇರೆ ಬೇರೆ ವೇಗದಲ್ಲಿ ಕರಗುವ ತಿನಿಸುಗಳನ್ನು ರೂಪಿಸಿ, ಬೆರಿಯ ಅಂಶ ಬಾಯಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಪರಿಶೀಲಿಸಿದರು. ಸ್ಟ್ರಾಬೆರಿಯ ಮಿಠಾಯಿಗಳನ್ನು ಧೂಮಪಾನಿಗಳಿಗೂ ಧೂಮಪಾನ ಮಾಡದವರಿಗೂ ಕೊಟ್ಟು ಅವರ ಬಾಯಿಯಲ್ಲಿ ಆಗುವ ಬದಲಾವಣೆಗಳನ್ನು ಹೋಲಿಸಿದ ಅಧ್ಯಯನವೂ ನಡೆದಿದೆ. ಮೇಲ್ನೋಟಕ್ಕೆ ಇದು ಅಡುಗೆಮನೆಯ ಕೆಲಸದಂತೆ ಕಾಣಬಹುದು. ಔಷಧ ತಯಾರಿಕೆಯ ಭಾಷೆಯಲ್ಲಿ ಇದೇ ಮಾತ್ರೆಯ ವಿನ್ಯಾಸ.

ಈಗ ನೀವು ಓದಿದ ಜೆಲ್‌ನ ವಿಷಯ. ಅದೇ ಓಹಾಯೊ ವಿಶ್ವವಿದ್ಯಾಲಯದ ಸೂಸನ್ ಮ್ಯಾಲರಿ ಅವರ ನೇತೃತ್ವದ ತಂಡ ಲೋಳೆಪೊರೆಗೆ ಅಂಟಿಕೊಳ್ಳುವ, ತೂಕದ ಶೇ 10ರಷ್ಟು ಕಪ್ಪು ರಾಸ್ಪ್‌ಬೆರಿ ಪುಡಿ ಇರುವ ಜೆಲ್ ಒಂದನ್ನು ತಯಾರಿಸಿತು. ಆರಂಭದ ಸಣ್ಣ ಅಧ್ಯಯನಗಳ ನಂತರ, ಹಲವು ಕೇಂದ್ರಗಳಲ್ಲಿ ನಡೆದ, ಪ್ಲಾಸಿಬೊ (ಔಷಧದಂತೆಯೇ ಕಾಣುವ, ಆದರೆ ಔಷಧದ ಅಂಶವಿಲ್ಲದ ಪದಾರ್ಥ) ಪಡೆಯುವ ಗುಂಪನ್ನೂ ಒಳಗೊಂಡ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ವಿಶ್ಲೇಷಣೆಗೆ ದೊರೆತವರು 40 ಜನ: 22 ಮಂದಿಗೆ ಬೆರಿ ಜೆಲ್, 18 ಮಂದಿಗೆ ಬೆರಿಯಿಲ್ಲದ ಜೆಲ್. ಪ್ರತಿ ಸಲ ಅರ್ಧ ಗ್ರಾಂನಂತೆ ದಿನಕ್ಕೆ 4 ಸಲ, 12 ವಾರಗಳ ಕಾಲ ಮಚ್ಚೆಯ ಮೇಲೆ ಹಚ್ಚಿಕೊಳ್ಳಬೇಕಿತ್ತು. ಪರೀಕ್ಷೆಯ ವಿನ್ಯಾಸದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಅಂಶವಿದೆ. ಆರಂಭದಲ್ಲಿಯೇ ಮಚ್ಚೆಯ ಅರ್ಧ ಭಾಗವನ್ನು ಕತ್ತರಿಸಿ ತೆಗೆದು ಪರೀಕ್ಷಿಸಿ, ಅದು ಈಗಾಗಲೇ ಕ್ಯಾನ್ಸರ್ ಆಗಿಲ್ಲವೆಂದು ಖಚಿತಪಡಿಸಿಕೊಂಡು, ಉಳಿದರ್ಧಕ್ಕೆ ಜೆಲ್ ಹಚ್ಚಿಸಿ, ಕೊನೆಗೆ ಆ ಉಳಿದರ್ಧವನ್ನೂ ತೆಗೆದು ಹೋಲಿಸಿದರು. ಅಂದರೆ ಪರೀಕ್ಷೆಯಲ್ಲಿ ಭಾಗವಹಿಸಿದವರಿಗೂ ಮಚ್ಚೆಯನ್ನು ಕೊನೆಗೆ ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಯಿತು. ಶಸ್ತ್ರಚಿಕಿತ್ಸೆಯ ಬದಲಿಗೆ ಜೆಲ್ ಎಂದು ಆ ಪರೀಕ್ಷೆ ಯಾರಿಗೂ ಹೇಳಿರಲಿಲ್ಲ. ನೀವು ಓದಿದ ಬರಹದಲ್ಲಿ ಈ ವಿಷಯ ಬಿಟ್ಟುಹೋಗಿರಬಹುದೆಂದು ನನ್ನ ಊಹೆ.

ಫಲಿತಾಂಶ ಉತ್ತೇಜನಕಾರಿಯಾಗಿತ್ತು. ಬೆರಿ ಜೆಲ್ ಹಚ್ಚಿಕೊಂಡವರಲ್ಲಿ ಒಟ್ಟಾರೆಯಾಗಿ ಮಚ್ಚೆಯ ಗಾತ್ರ ತಗ್ಗಿತು, ಡಿಸ್‌ಪ್ಲೇಸಿಯಾದ ಮಟ್ಟ ಇಳಿಯಿತು, ಕ್ಯಾನ್ಸರ್ ಅಪಾಯವನ್ನು ಸೂಚಿಸುವ, ವರ್ಣತಂತುಗಳ ನಿರ್ದಿಷ್ಟ ಜಾಗಗಳಲ್ಲಿನ ವಂಶವಾಹಿ ನಷ್ಟವೂ ಕಡಿಮೆ ಕಂಡಿತು. ಬೆರಿಯಿಲ್ಲದ ಜೆಲ್‌ನ ಗುಂಪಿನಲ್ಲಿ ಮಚ್ಚೆಗಳು ಆ ಅವಧಿಯಲ್ಲಿ ಬೆಳೆದವು. ಬೆರಿ ಗುಂಪಿನೊಳಗೂ ಎಲ್ಲರಿಗೂ ಸಮಾನ ಫಲ ಸಿಗಲಿಲ್ಲ. ಕೆಲವರಲ್ಲಿ ಮಾತ್ರ ಪರಿಣಾಮ ಬಹಳ ಎದ್ದು ಕಂಡಿತು. ಮೇಲೆ ಹೇಳಿದ ಕಿಣ್ವ ಮತ್ತು ಬ್ಯಾಕ್ಟೀರಿಯಾಗಳ ವ್ಯತ್ಯಾಸವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ತಡೆ ಎಲ್ಲಿದೆ? ಬಾಯಿಯ ಬಿಳಿ ಮಚ್ಚೆಗಳ ಚಿಕಿತ್ಸೆಯ ಇತಿಹಾಸವನ್ನು ನೋಡಿದರೆ ನಮ್ಮ ಎಚ್ಚರಿಕೆಯ ಕಾರಣ ತಿಳಿಯುತ್ತದೆ. 1986ರಲ್ಲಿ ವಿಟಮಿನ್ ಎ ಬಳಗದ 13-ಸಿಸ್-ರೆಟಿನಾಯಿಕ್ ಆಮ್ಲವನ್ನು 44 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಔಷಧ ಪಡೆದ 24 ಜನರಲ್ಲಿ 16 ಮಂದಿಯ ಮಚ್ಚೆ ಗಣನೀಯವಾಗಿ ಕುಗ್ಗಿತು. ಪ್ಲಾಸಿಬೊ ಪಡೆದ 20ರಲ್ಲಿ 2 ಮಂದಿಯದ್ದು ಮಾತ್ರ. ಎಂಥವರಿಗೂ ಹುರುಪು ತರುವ ಅಂಕಿಗಳಿವು. ಆದರೆ ಔಷಧ ನಿಲ್ಲಿಸಿದ ಎರಡು ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮಚ್ಚೆ ಮರಳಿತು, ಅಡ್ಡಪರಿಣಾಮಗಳಂತೂ ದೀರ್ಘಕಾಲ ಸಹಿಸುವಂಥವಾಗಿರಲಿಲ್ಲ. ಸೋಯಾ ಅವರೆಯಿಂದ ತೆಗೆದ ಬೌಮನ್-ಬರ್ಕ್ ಪ್ರತಿಬಂಧಕ ಎಂಬ ಪ್ರೋಟೀನ್‌ನ ಕಥೆ ಬೆರಿಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದೂ ಆಹಾರಮೂಲದ್ದೇ. ಹೋಲಿಕೆಯ ಗುಂಪಿಲ್ಲದ ಸಣ್ಣ ಪರೀಕ್ಷೆಯಲ್ಲಿ ಹಲವರ ಮಚ್ಚೆ ಕುಗ್ಗಿದ್ದರಿಂದ ನಿರೀಕ್ಷೆ ಹೆಚ್ಚಿತು. ಪ್ಲಾಸಿಬೊ ಇಟ್ಟು ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂದಾಗ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಬಿಳಿ ಮಚ್ಚೆಗಳು ತಾವಾಗಿಯೇ ಹಿಗ್ಗುತ್ತವೆ, ಕುಗ್ಗುತ್ತವೆ. ಪರೀಕ್ಷೆಗೆ ಸೇರಿದ ಮೇಲೆ ಜನ ತಂಬಾಕು ಕಡಿಮೆ ಮಾಡುತ್ತಾರೆ, ಹಲ್ಲು ಶುಚಿಯಾಗಿಟ್ಟುಕೊಳ್ಳುತ್ತಾರೆ, ಅದರಿಂದಲೂ ಮಚ್ಚೆ ತಗ್ಗುತ್ತದೆ. ಹೋಲಿಕೆಯ ಗುಂಪಿಲ್ಲದ ಪರೀಕ್ಷೆಯಲ್ಲಿ ಈ ಎಲ್ಲ ಲಾಭವೂ ಔಷಧದ ಖಾತೆಗೆ ಜಮೆಯಾಗುತ್ತದೆ. ಬೆರಿ ಜೆಲ್‌ನ 2014ರ ಪರೀಕ್ಷೆ ಈ ದೋಷದಿಂದ ಪಾರಾಗಿದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ 40 ಜನ, 12 ವಾರ ಎಂಬ ಮಿತಿಯಿಂದ ಅದು ಪಾರಾಗಿಲ್ಲ.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಮಚ್ಚೆ ಕುಗ್ಗಿದರೆ ಕ್ಯಾನ್ಸರ್‌ನ ಸಾಧ್ಯತೆಯೂ ಕುಗ್ಗುತ್ತದೆಂದು ನಾವು ಊಹಿಸುತ್ತೇವೆ, ಆದರೆ ಇವೆರಡೂ ಯಾವಾಗಲೂ ಜೊತೆಯಾಗಿ ಸಾಗುವುದಿಲ್ಲ. ತಂಬಾಕು, ಅಡಿಕೆ, ಮದ್ಯಗಳಿಂದ ದಶಕಗಳ ಕಾಲ ಹಾನಿಗೊಂಡ ಬಾಯಿಯಲ್ಲಿ, ನೋಡಲು ಆರೋಗ್ಯವಾಗಿರುವ ಜಾಗದ ಕೋಶಗಳೂ ವಂಶವಾಹಿಯ ಮಟ್ಟದಲ್ಲಿ ಕೆಟ್ಟಿರಬಹುದು. ಮಚ್ಚೆಯನ್ನು ಪೂರ್ತಿಯಾಗಿ ತೆಗೆದ ಮೇಲೂ ಕೆಲವರಿಗೆ ಬೇರೆ ಜಾಗದಲ್ಲಿ ಕ್ಯಾನ್ಸರ್ ಬರುವುದು ಇದೇ ಕಾರಣಕ್ಕೆ. ಹಾಗಾಗಿ ಜೆಲ್ ಹಚ್ಚಿದ ಜಾಗದಲ್ಲಿ ಆದ ಬದಲಾವಣೆ ಇಡೀ ಬಾಯಿಯ ಭವಿಷ್ಯವನ್ನು ಹೇಳಲಾರದು. ಡಿಸ್‌ಪ್ಲೇಸಿಯಾದ ಮಟ್ಟವನ್ನು ಗುರುತಿಸುವುದರಲ್ಲಿಯೂ, ಬಯಾಪ್ಸಿಯ ಚೂರನ್ನಿಟ್ಟ ಒಂದೇ ಗಾಜಿನ ಪಟ್ಟಿಯನ್ನು ನೋಡಿದ ಇಬ್ಬರು ಅನುಭವಿ ರೋಗಶಾಸ್ತ್ರಜ್ಞರು ಒಬ್ಬರು ಸೌಮ್ಯವೆಂದೂ ಇನ್ನೊಬ್ಬರು ಮಧ್ಯಮವೆಂದೂ ಬರೆಯುವುದು ನಮ್ಮ ವೃತ್ತಿಯಲ್ಲಿ ಅಪರೂಪವಲ್ಲ. ಆದ್ದರಿಂದ ಕೊನೆಗೆ ಉತ್ತರ ಸಿಗಬೇಕಾದ ಪ್ರಶ್ನೆ ಒಂದೇ: ಬೆರಿ ಜೆಲ್ ಬಳಸಿದವರಲ್ಲಿ ಕ್ಯಾನ್ಸರ್ ಕಡಿಮೆ ಬಂತೇ?

ಇದನ್ನು ಪರೀಕ್ಷಿಸುವುದು ಎಷ್ಟು ಕಷ್ಟವೆಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಸಾಮಾನ್ಯ ಬಿಳಿ ಮಚ್ಚೆಗಳಿರುವ ಜನರನ್ನು ಆರಿಸಿಕೊಂಡು, 5 ವರ್ಷಗಳಲ್ಲಿ ಅವರಲ್ಲಿ ಶೇ 8 ಮಂದಿಗೆ ಕ್ಯಾನ್ಸರ್ ಬರುತ್ತದೆಂದೂ, ಜೆಲ್ ಅದನ್ನು ಅರ್ಧಕ್ಕೆ ಇಳಿಸುತ್ತದೆಂದೂ ಇಟ್ಟುಕೊಳ್ಳೋಣ. ನಿಜವಾಗಿ ಇರುವ ಆ ವ್ಯತ್ಯಾಸವನ್ನು ಗುರುತಿಸುವ ಸಾಧ್ಯತೆ ಶೇ 80ರಷ್ಟಾದರೂ ಇರಬೇಕೆಂದರೆ ಪ್ರತಿ ಗುಂಪಿನಲ್ಲಿ ಸುಮಾರು 550 ಜನ ಬೇಕು. ನಡುವೆ ಬಿಟ್ಟುಹೋಗುವವರನ್ನು ಸೇರಿಸಿದರೆ ಇನ್ನೂ ಹೆಚ್ಚು. 1,100ಕ್ಕೂ ಮೀರಿದ ಜನರು ಪ್ರತಿದಿನ ನಾಲ್ಕು ಸಲ ಬಾಯಿಗೆ ಜೆಲ್ ಹಚ್ಚಿಕೊಳ್ಳುತ್ತ ವರ್ಷಗಟ್ಟಲೆ ತಪಾಸಣೆಗೆ ಬರಬೇಕು. ಅದೇ, ವರ್ಣತಂತುಗಳ ಅಪಾಯಕಾರಿ ಜಾಗಗಳಲ್ಲಿ ವಂಶವಾಹಿ ನಷ್ಟವಿರುವ, ಅಂದರೆ 3 ವರ್ಷಗಳಲ್ಲಿಯೇ ಸುಮಾರು ಶೇ 26 ಮಂದಿಗೆ ಕ್ಯಾನ್ಸರ್ ಬರಬಹುದಾದವರನ್ನು ಮಾತ್ರ ಆರಿಸಿಕೊಂಡರೆ, ಪ್ರತಿ ಗುಂಪಿಗೆ ಸುಮಾರು 140 ಜನ ಸಾಕು. ಇದು ಬರಿಯ ಕಲ್ಪನೆಯಲ್ಲ. ಎರ್ಲೋಟಿನಿಬ್ ಎಂಬ ಕ್ಯಾನ್ಸರ್ ಔಷಧವನ್ನು ಇಂತಹ 150 ಜನರ ಮೇಲೆ ಪರೀಕ್ಷಿಸಲಾಗಿದೆ. ಆ ಔಷಧ ಕ್ಯಾನ್ಸರನ್ನು ತಡೆಯಲಿಲ್ಲ. ಆದರೆ ಹೆಚ್ಚು ಅಪಾಯದವರನ್ನು ಆರಿಸಿ, ಕ್ಯಾನ್ಸರನ್ನೇ ಅಂತಿಮ ಅಳತೆಯಾಗಿಟ್ಟು ಪರೀಕ್ಷೆ ನಡೆಸಲು ಸಾಧ್ಯವೆಂದು ಅದು ತೋರಿಸಿಕೊಟ್ಟಿತು. ಬೆರಿ ಜೆಲ್‌ಗೂ ಇದೇ ದಾರಿ ತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನೊಂದು ಇಲಿಯ ಪ್ರಯೋಗ, ಇನ್ನೊಂದು ಕೋಶದ ಪ್ರಯೋಗ ನಮ್ಮನ್ನು ಈ ಪ್ರಶ್ನೆಯ ಹತ್ತಿರಕ್ಕೆ ಒಯ್ಯುವುದಿಲ್ಲ.

ಅಂತಹ ಪರೀಕ್ಷೆ ಸುಲಭವಾಗಿ ನಡೆಯದಿರಲು ಬೆರಿಯದ್ದೇ ಆದ ಕಾರಣಗಳೂ ಇವೆ. ಮಾತ್ರೆಯಲ್ಲಿ ಒಂದು ರಾಸಾಯನಿಕ, ಒಂದು ತೂಕ. ಹಣ್ಣಿನಲ್ಲಿ ನೂರಾರು ರಾಸಾಯನಿಕಗಳು, ಅವುಗಳ ಪ್ರಮಾಣ ತಳಿ, ಮಣ್ಣು, ಮಾಗಿದ ಮಟ್ಟ, ಆ ವರ್ಷದ ಮಳೆ ಬಿಸಿಲಿನೊಂದಿಗೆ ಬದಲಾಗುತ್ತವೆ. ಆದ್ದರಿಂದ ಗೊತ್ತಾದ ತಳಿಯ ಹಣ್ಣನ್ನು ಒಂದೇ ಮೂಲದಿಂದ ಪಡೆದು, ಪ್ರತಿ ಕಂತಿನ ಪುಡಿಯಲ್ಲಿ ಮುಖ್ಯ ಆಂಥೋಸಯನಿನ್‌ಗಳನ್ನೂ ಕೀಟನಾಶಕಗಳ ಉಳಿಕೆಯನ್ನೂ ಅಳೆದು ದಾಖಲಿಸಬೇಕು. ಪ್ಲಾಸಿಬೊ ತಯಾರಿಕೆಯೂ ಸುಲಭವಲ್ಲ. ಬಾಯಿಗೆಲ್ಲ ನೇರಳೆ ಬಣ್ಣ ಹಿಡಿಸುವ ಜೆಲ್‌ಗೆ ಬಣ್ಣ, ರುಚಿ, ಅಂಟು ಎಲ್ಲದರಲ್ಲಿಯೂ ಹೋಲುವ, ಆದರೆ ಬೆರಿಯ ಅಂಶವಿಲ್ಲದ ಜೋಡಿ ಬೇಕು. ಭಾಗವಹಿಸುವವರು ಮನೆಯಲ್ಲಿ ಬೇರೆ ಬೆರಿ ಹಣ್ಣುಗಳನ್ನು ತಿಂದರೆ ಲೆಕ್ಕ ತಪ್ಪುವುದರಿಂದ ಅವರ ಆಹಾರವನ್ನೂ ನಿಯಂತ್ರಿಸಿ, ಮೂತ್ರದಲ್ಲಿನ ಗುರುತುಗಳಿಂದ ಖಚಿತಪಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಒಂದು ಆಹಾರವನ್ನು ರೋಗದ ಚಿಕಿತ್ಸೆಗೆಂದು ಪರೀಕ್ಷಿಸಿದ ಕೂಡಲೇ ಅದನ್ನು ಪ್ರಾಯೋಗಿಕ ಔಷಧವೆಂದು ಪರಿಗಣಿಸಿ, ಆಹಾರ ಮತ್ತು ಔಷಧ ಆಡಳಿತದ ಅನುಮತಿ ಪಡೆಯಬೇಕಾಗುತ್ತದೆ. ಎಲ್ಲರೂ ಬೆಳೆಯಬಹುದಾದ ಹಣ್ಣಿನ ಮೇಲೆ ಬಿಗಿಯಾದ ಪೇಟೆಂಟ್ ಪಡೆಯುವುದು ಕಷ್ಟವಾದ್ದರಿಂದ, ದೊಡ್ಡ ಪರೀಕ್ಷೆಯ ವೆಚ್ಚ ಭರಿಸಲು ಔಷಧ ಕಂಪನಿಗಳಿಗೆ ಉತ್ಸಾಹ ಕಡಿಮೆ. ಹೀಗಾಗಿ ಭಾರವೆಲ್ಲ ಸಾರ್ವಜನಿಕ ಹಣದ ಮೇಲೆ ಬೀಳುತ್ತದೆ. ನೀವು ಕೇಳಿದ ‘ಏಕೆ ಬಂದಿಲ್ಲ’ ಎಂಬುದಕ್ಕೆ ಇದು ಬಹುಮಟ್ಟಿಗೆ ಉತ್ತರ.

ಕ್ಯಾನ್ಸರ್ ಬಂದ ಮೇಲೆ ಬೆರಿ ಚಿಕಿತ್ಸೆಯಾಗಬಲ್ಲದೇ ಎಂದು ನೀವು ಕೇಳಿಲ್ಲ, ಆದರೆ ಇದನ್ನು ಓದುವ ಬೇರೆಯವರು ಕೇಳಬಹುದು. ರೋಗ ಖಚಿತವಾಗಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ಕೆಲವು ದಿನಗಳಲ್ಲಿ ರೋಗಿಗಳಿಗೆ ಕಪ್ಪು ರಾಸ್ಪ್‌ಬೆರಿಯ ಚೀಪುವ ಬಿಲ್ಲೆಗಳನ್ನು ಕೊಟ್ಟು, ತೆಗೆದ ಗಡ್ಡೆಯನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಉರಿಯೂತಕ್ಕೂ ಕ್ಯಾನ್ಸರ್ ಕೋಶಗಳ ಉಳಿವಿಗೂ ಸಂಬಂಧಿಸಿದ ಕೆಲವು ವಂಶವಾಹಿಗಳ ಚಟುವಟಿಕೆ ಅದರಲ್ಲಿ ತಗ್ಗಿತ್ತು. ಬೆರಿಯ ಅಂಶ ಗಡ್ಡೆಯ ಅಂಗಾಂಶವನ್ನು ತಲುಪಿ ಏನೋ ಮಾಡುತ್ತದೆಂಬುದಕ್ಕೆ ಇದು ಪುರಾವೆ. ಗಡ್ಡೆ ಕರಗಿತೆಂದೋ ರೋಗಿಗಳು ಹೆಚ್ಚು ಕಾಲ ಬದುಕಿದರೆಂದೋ ಅದು ಹೇಳುವುದಿಲ್ಲ. ಬಾಯಿ ಕ್ಯಾನ್ಸರ್‌ನ ಚಿಕಿತ್ಸೆ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಅಗತ್ಯಬಿದ್ದಲ್ಲಿ ಕೀಮೊಥೆರಪಿ. ವಿಕಿರಣ ಚಿಕಿತ್ಸೆ ನಡೆಯುವಾಗ ಸಾಂದ್ರ ಪೂರಕಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳುವುದು ಅಪಾಯ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನ 540 ರೋಗಿಗಳಿಗೆ ವಿಕಿರಣದೊಂದಿಗೆ ವಿಟಮಿನ್ ಇ, ಕೆಲವರಿಗೆ ಬೀಟಾ ಕ್ಯಾರೊಟಿನ್ ಕೂಡ ಕೊಟ್ಟು ನಡೆಸಿದ, 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪೂರಕ ಸೇವಿಸುತ್ತಿದ್ದ ಅವಧಿಯಲ್ಲಿ ಹೊಸದಾಗಿ ಹುಟ್ಟುವ ಎರಡನೆಯ ಕ್ಯಾನ್ಸರ್‌ಗಳು ಹೆಚ್ಚಿದ್ದವು. ಅದಕ್ಕೂ ಮೊದಲು, 1994ರಲ್ಲಿ ಫಿನ್‌ಲ್ಯಾಂಡ್‌ನ 29,133 ಗಂಡು ಧೂಮಪಾನಿಗಳ ಮೇಲಿನ ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ತರಕಾರಿಯಲ್ಲಿ ಸಹಜವಾಗಿರುವ ಪದಾರ್ಥವೇ ಅದು. ಬೆರಿ ಪುಡಿ ಹಾಗೆ ಹಾನಿ ಮಾಡುತ್ತದೆಂದು ನಾನು ಹೇಳುತ್ತಿಲ್ಲ. ಜೆಲ್‌ನ ಪರೀಕ್ಷೆಗಳಲ್ಲಿ ರೋಗಿಗಳು ಅದನ್ನು ಚೆನ್ನಾಗಿಯೇ ಸಹಿಸಿಕೊಂಡರು. ಸಹಜವಾದದ್ದು ಎಂಬ ಒಂದೇ ಕಾರಣಕ್ಕೆ ಪರೀಕ್ಷೆಯಿಂದ ವಿನಾಯಿತಿ ಕೊಡಲಾಗದು ಎಂಬುದಷ್ಟೇ ನನ್ನ ಮಾತು.

ಅನ್ನನಾಳದ ಕುರಿತು ಚೀನಾದಲ್ಲಿ ನಡೆದ ಅಧ್ಯಯನವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಬೆರಿಯ ಪರವಾಗಿ ಬರೆಯುವವರು ಅದನ್ನು ಮೇಲಿಂದ ಮೇಲೆ ಉದಾಹರಿಸುತ್ತಾರೆ. ಅನ್ನನಾಳದಲ್ಲಿ ಡಿಸ್‌ಪ್ಲೇಸಿಯಾ ಇದ್ದವರಿಗೆ ನೀರಿನಂಶ ತೆಗೆದ ಸ್ಟ್ರಾಬೆರಿ ಪುಡಿಯನ್ನು 6 ತಿಂಗಳು ಕೊಟ್ಟಾಗ, ದಿನಕ್ಕೆ 60 ಗ್ರಾಂ ಪಡೆದ 36 ಜನರಲ್ಲಿ 29 ಮಂದಿಯ ಮಟ್ಟ ಇಳಿಯಿತು; 30 ಗ್ರಾಂ ಪಡೆದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. 60 ಗ್ರಾಂ ಪುಡಿಯೆಂದರೆ ಅರ್ಧ ಕಿಲೊಗಿಂತ ಹೆಚ್ಚು ತಾಜಾ ಹಣ್ಣು, ಅದೂ ಪ್ರತಿದಿನ. ಆ ಅಧ್ಯಯನದಲ್ಲಿ ಪ್ಲಾಸಿಬೊ ಗುಂಪು ಇರಲಿಲ್ಲ. ಸೋಯಾದ ಕಥೆಯನ್ನು ಓದಿದ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ತಂದೆಯವರ ವಿಷಯಕ್ಕೆ ಮರಳುತ್ತೇನೆ. ಅವರು ಬೆರಿ ಹಣ್ಣನ್ನು ಹಣ್ಣಾಗಿ ತಿನ್ನಲಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಮಾರುಕಟ್ಟೆಯ ರಸ, ಜಾಮ್, ಪುಡಿಗಳು ಪರೀಕ್ಷೆಯ ಜೆಲ್ ಅಲ್ಲ. ಕುದಿಸಿದಾಗಲೂ ದೀರ್ಘಕಾಲ ಸಂಗ್ರಹಿಸಿದಾಗಲೂ ಆಂಥೋಸಯನಿನ್ ಕಡಿಮೆಯಾಗುತ್ತದೆ, ಸಕ್ಕರೆ ಮತ್ತು ಆಮ್ಲದಿಂದ ಹಲ್ಲು ಹಾಳಾಗುತ್ತದೆ. ಪುಡಿಯನ್ನು ಕಲಸಿ ಮಚ್ಚೆಯ ಮೇಲೆ ಹಚ್ಚುವ ಪ್ರಯತ್ನವನ್ನಂತೂ ಮಾಡಬೇಡಿ. ಬಣ್ಣ ಹಿಡಿದ ಮಚ್ಚೆಯಲ್ಲಿ ಆಗುವ ಬದಲಾವಣೆಯನ್ನು ಗುರುತಿಸುವುದು ವೈದ್ಯರಿಗೂ ಕಷ್ಟ, ಹುಣ್ಣಾಗಿದ್ದರೆ ಆಮ್ಲದಿಂದ ಉರಿಯೂ ಹೆಚ್ಚುತ್ತದೆ. ಅವರು ತಂಬಾಕು, ಅಡಿಕೆ ಅಥವಾ ಮದ್ಯ ಬಳಸುತ್ತಿದ್ದರೆ ಅದನ್ನು ಬಿಡಿಸುವುದಕ್ಕೆ ನಿಮ್ಮ ಮನೆಯವರೆಲ್ಲರ ಶ್ರಮ ಸಲ್ಲಲಿ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ಘೋಷಿಸಿದೆ. ಇವುಗಳನ್ನು ಬಿಟ್ಟಾಗ ಬಾಯಿ ಕ್ಯಾನ್ಸರ್‌ನ ಅಪಾಯ ಇಳಿಯುತ್ತದೆಂಬುದಕ್ಕೆ ಇರುವ ಪುರಾವೆಯ ಹತ್ತಿರಕ್ಕೂ ಬೆರಿಯ ಪುರಾವೆ ಇನ್ನೂ ಬಂದಿಲ್ಲ.

ವೈದ್ಯರ ಬಳಿ ಹೋದಾಗ ಮೂರು ವಿಷಯಗಳನ್ನು ಕೇಳಿ. ಬಯಾಪ್ಸಿಯ ಗಾಜಿನ ಪಟ್ಟಿಯನ್ನು ಇನ್ನೊಬ್ಬ ಬಾಯಿ ರೋಗಶಾಸ್ತ್ರಜ್ಞರಿಂದ ನೋಡಿಸಬಹುದೇ. ಮಚ್ಚೆಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವೇ, ತೆಗೆದ ಅಂಚುಗಳಲ್ಲಿ ಡಿಸ್‌ಪ್ಲೇಸಿಯಾ ಉಳಿದಿದ್ದರೆ ಮುಂದೇನು. ಶಸ್ತ್ರಚಿಕಿತ್ಸೆಯ ನಂತರ ಎಷ್ಟು ತಿಂಗಳಿಗೊಮ್ಮೆ, ಎಷ್ಟು ವರ್ಷಗಳವರೆಗೆ ತಪಾಸಣೆಗೆ ಬರಬೇಕು. ಮಚ್ಚೆ ಕ್ಯಾನ್ಸರ್ ಆಗದಂತೆ ತಡೆಗಟ್ಟುವ ಔಷಧಗಳ ನೋಂದಾಯಿತ ಪರೀಕ್ಷೆ ಯಾವುದಾದರೂ ಅವರ ತಿಳಿವಳಿಕೆಯಲ್ಲಿದ್ದು, ತಂದೆಯವರು ಅದಕ್ಕೆ ಅರ್ಹರಾಗಿದ್ದರೆ, ಸೇರುವ ಬಗ್ಗೆ ಯೋಚಿಸಬಹುದು. ಆಗಲೂ ಶಸ್ತ್ರಚಿಕಿತ್ಸೆಯನ್ನು ಎಷ್ಟು ದಿನ ಮುಂದೂಡಬೇಕಾಗುತ್ತದೆ, ನಡುವೆ ಮಚ್ಚೆ ಬೆಳೆದರೆ ಪರೀಕ್ಷೆಯಿಂದ ಹೊರಬರುವ ಕ್ರಮವೇನು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಅಷ್ಟರೊಳಗೆ ಮಚ್ಚೆಯಲ್ಲಿ ಕೆಂಪು ಭಾಗ ಕಾಣಿಸಿದರೆ, ಮುಟ್ಟಿದಾಗ ಗಟ್ಟಿಯೆನಿಸಿದರೆ, ಎರಡು ವಾರವಾದರೂ ಮಾಯದ ಹುಣ್ಣಾದರೆ, ಕಿವಿಯ ಕಡೆಗೆ ನೋವು ಎಳೆದರೆ ಅಥವಾ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ಗೊತ್ತುಮಾಡಿದ ದಿನಾಂಕಕ್ಕೆ ಕಾಯದೆ ಮರುದಿನವೇ ಅವರನ್ನು ಕರೆದುಕೊಂಡು ಹೋಗಿ.